ದುಹಿಂಗ್ ಬರೆದ ಒಂದೇ ಸುಳ್ಳು

ಕಾಹಿಯು ಅಂದರೆ ನಮ್ಮ ನದಿಯ ಕಡೆ ಒರಾಂಗುಟಾನ್. ದುಹಿಂಗ್ ಹತ್ತೊಂಬತ್ತು ವರ್ಷ ಅವುಗಳ ಹಿಂದೆಯೇ ಅಲೆದವನು. ಬೆಳಕು ಹರಿಯುವ ಮೊದಲೇ ಗೂಡಿರುವ ಮರದ ಬುಡಕ್ಕೆ ಹೋಗಿ ನಿಲ್ಲಬೇಕು, ಸಂಜೆ ಅದು ಹೊಸ ಗೂಡು ಕಟ್ಟಿ ಮಲಗುವ ತನಕ ಸೊಂಟದವರೆಗಿನ ಕೆಸರಲ್ಲಿ ಹಿಂಬಾಲಿಸಬೇಕು, ತಿಂದದ್ದು, ಕೂತದ್ದು ಎಲ್ಲ ಕಾಡುಪ್ರಾಣಿ ರಕ್ಷಣೆಯ ಕಚೇರಿಗೆ ಕೊಡುವ ಪುಸ್ತಕದಲ್ಲಿ ಬರೆಯಬೇಕು. ಕಾಣದ್ದನ್ನು ಅವನು ಒಂದಕ್ಷರವೂ ಬರೆದವನಲ್ಲ.

ತಿಂಗಾಂಗ್ ಎಂಬ ಹೆಣ್ಣು ಕಾಹಿಯುವಿನ ಮಗ ಊತು ಅವನ ಕಣ್ಣೆದುರೇ ಬೆಳೆದವನು. ಆರು ವರ್ಷವಾದರೂ ಊತು ಹಾಲು ಬಿಟ್ಟಿರಲಿಲ್ಲ, ರಾತ್ರಿ ಅಮ್ಮನ ಗೂಡಲ್ಲೇ ಮಲಗುತ್ತಿದ್ದ. ಒಂದು ಮಧ್ಯಾಹ್ನ ನಾಲ್ಕು ಕೊಂಬೆ ಬಗ್ಗಿಸಿ ಅದರ ಮೇಲೆ ದೊರೆಯ ಹಾಗೆ ಕೂತ.

"ಏ, ನಮ್ಮ ಊತು ಗೂಡು ಕಟ್ಟಿದ ಕಣೇ!" ಎಂದು ದುಹಿಂಗ್ ಮನೆಗೆ ಬಂದು ಕೂಗಿದ.

"ನಿನ್ನ ಸ್ವಂತ ಮಗ ಮೊದಲ ಹೆಜ್ಜೆ ಇಟ್ಟಾಗ ಎಲ್ಲಿದ್ದೆ ಅಂತ ಕೇಳ್ಲಾ?" ಎಂದಳು ಹೆಂಡತಿ ಲಾಮಿಯಾಂಗ್.

ಆ ಖುಷಿಯಲ್ಲಿ ಅವನು ಪುಸ್ತಕದಲ್ಲೂ 'ಊತು ಗೂಡು ಕಟ್ಟಿದ' ಎಂದಷ್ಟೇ ಬರೆದ. ಹಗಲಿನ ಆಟದ ಗೂಡು ಎಂದು ಬರೆಯಲಿಲ್ಲ. ಅದನ್ನೂ ಬರೆಯಬೇಕೇ? ನಮ್ಮೂರಿನ ಮಕ್ಕಳಿಗೂ ಗೊತ್ತಿರುವ ಸಂಗತಿ!

ಪಕ್ಕದ ತಾಳೆ ತೋಟದ ಎಳೆ ಸುಳಿ ತಿಂದಳೆಂದು ತಿಂಗಾಂಗ್ ಮೇಲೆ ದೂರು ಹೋಯಿತು. ರಕ್ಷಣೆಯವರು ಬಂದರು. ಹಾಳು ರಕ್ಷಣೆ! ಮದ್ದಿನ ಸೂಜಿ ಹೊಡೆದು, ಬೋನಿಗೆ ಹಾಕಿ, ದೋಣಿಯಲ್ಲಿ ಒಂದು ದಿನದ ದಾರಿ ದೂರ, ನದಿಯ ಮೇಲ್ಭಾಗದ ಕಾಡಿಗೆ ಒಯ್ದರು. ಊತುವನ್ನು ಮರದ ಮೇಲೆಯೇ ಬಿಟ್ಟರು. ಸುದ್ದಿ ಕೇಳಿದ ದುಹಿಂಗ್ ಕೆಸರುಗಾಲಲ್ಲೇ ರಕ್ಷಣೆಯ ಅಧಿಕಾರಿ ಸುಗಿಯಾರ್ತೊನ ಕಚೇರಿಗೆ ನುಗ್ಗಿದ.

"ಹಾಲು ಕುಡಿಯೋ ಮರಿ ಬಿಟ್ಟು ತಾಯಿನ ಎತ್ಕೊಂಡ್ ಹೋಗಿದ್ದೀರಲ್ಲ, ನಿಮ್ಮನ್ನ ತಾಯಿ ಹೆತ್ತಿಲ್ವೇನ್ರೀ?"

"ಕೂಗಾಡ್ಬೇಡಿ. ಗೂಡು ಕಟ್ಟಿದ ಅಂತ ನೀವೇ ಬರ್ದಿದ್ದೀರ. ಗೂಡು ಕಟ್ಟೋ ಮರಿ ಒಂಟಿಯಾಗಿ ಬದುಕುತ್ತೆ ಅಂತ ನಿಯಮ ಇದೆ."

"ಅದು ಆಟ ಸ್ವಾಮಿ! ಮಕ್ಕಳು ಮರಳಲ್ಲಿ ಮನೆ ಕಟ್ಟಿದ್ರೆ ಅಲ್ಲೇ ಸಂಸಾರ ಮಾಡ್ತವಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ನೀವು!"

ಸುಗಿಯಾರ್ತೊ ಕನ್ನಡಕ ಒರೆಸಿದ. "ಸರಿ, ಏಳು ದಿನ ನೋಡಿ. ರಾತ್ರಿಗೆ ಗೂಡು ಕಟ್ಟದಿದ್ರೆ ಹಿಡಿದು ತಾಯಿ ಹತ್ರ ಬಿಡೋಣ. ಕಟ್ಟಿದ್ರೆ ಇಲ್ಲೇ ಇರ್ತಾನೆ."

ಆರು ದಿನ ಊತು ಅಮ್ಮನ ಕೊನೆಯ ಗೂಡು ಬಿಟ್ಟು ದೂರ ಹೋಗಲಿಲ್ಲ. ಯಾವ ಹಣ್ಣು ಎಲ್ಲಿ, ಯಾವಾಗ ಎಂದು ತೋರಿಸುವವಳಿಲ್ಲದೆ ತೊಗಟೆ ಕಚ್ಚಿದ. ಸಂಜೆಯಾದರೆ ಸಣ್ಣಗೆ ಕುಯ್ಗುಡುತ್ತಿದ್ದ. ಕೆಳಗೆ ನಿಂತ ದುಹಿಂಗ್‌ಗೆ ಸಿಟ್ಟು ಉಕ್ಕುತ್ತಿತ್ತು. ಅಧಿಕಾರಿಯ ಮೇಲೆ ಅರ್ಧ, ತನ್ನ ಮೇಲೆ ಅರ್ಧ.

ಏಳನೆಯ ಸಂಜೆ ಮಳೆಗೆ ಆ ಹಳೆಯ ಗೂಡು ಕುಸಿಯಿತು. ಊತು ನಡುಗುತ್ತ ಪಕ್ಕದ ಕೊಂಬೆ ಬಗ್ಗಿಸಿದ. ಅದು ಜಾರಿತು. ಮತ್ತೆ ಬಗ್ಗಿಸಿದ.

"ಕಟ್ಬೇಡ್ವೋ, ಇವತ್ತೊಂದಿನ ಕಟ್ಬೇಡ," ದುಹಿಂಗ್ ಹಲ್ಲು ಕಚ್ಚಿ ಗೊಣಗಿದ.

ಊತು ಕಟ್ಟಿದ. ಸೊಟ್ಟಗೆ, ತೂತು ತೂತಾಗಿ. ತಲೆಯ ಮೇಲೆ ನಾಲ್ಕು ಎಲೆ ಎಳೆದುಕೊಂಡು ಮುದುಡಿ ಮಲಗಿದ. ನಿಜ ಬರೆದರೆ ಆ ಮಗು ಅಲ್ಲೇ ಸಾಯುತ್ತದೆ. ದುಹಿಂಗ್ ಪುಸ್ತಕ ತೆಗೆದು ಬರೆದ: 'ಗೂಡು ಕಟ್ಟಲಿಲ್ಲ.'

"ಖಂಡಿತಾನಾ?" ಎಂದ ಸುಗಿಯಾರ್ತೊ ಮರುದಿನ.

"ನಾನು ನಿಜ ಬರ್ದಾಗ ನಿಮಗೆ ಓದೋಕೆ ಬರ್ಲಿಲ್ಲ. ಇದನ್ನಾದ್ರೂ ಸರಿಯಾಗಿ ಓದಿ."

ಊತುವನ್ನು ಹಿಡಿದು ಮೇಲಿನ ಕಾಡಿಗೆ ಒಯ್ದರು. ದುಹಿಂಗ್ ಜೊತೆಗೇ ಹೋದ. ತಾಯಿಯನ್ನು ಬಿಟ್ಟ ಜಾಗದಲ್ಲಿ ಎರಡು ದಿನ ಕಾದರು. ಮೂರನೆಯ ಬೆಳಿಗ್ಗೆ ಬೋನಿನೊಳಗಿಂದ ಊತು ಕಿರುಚಿದಾಗ ಮೇಲೆ ಎಲೆಗಳು ಅಲ್ಲಾಡಿದವು. ಬಾಗಿಲು ತೆಗೆದರು. ಅವನು ಮರ ಏರಿದ, ತಿಂಗಾಂಗ್ ಬಾಚಿ ಎದೆಗೆ ಒತ್ತಿಕೊಂಡಳು.

ಆಮೇಲೆ ಅವಳು ತೋಳಿನ ದಪ್ಪದ ಒಣಕೊಂಬೆ ಮುರಿದು ಕೆಳಗಿದ್ದವರ ಮೇಲೆ ಎಸೆದಳು. ಸುಗಿಯಾರ್ತೊ ಓಡಿದ. ಕೊಂಬೆ ದುಹಿಂಗ್‌ನ ಹೆಗಲಿಗೆ ಬಡಿಯಿತು. ಅವನು ಕದಲಲಿಲ್ಲ.

"ಹೊಡಿ ತಾಯಿ," ಎಂದ. "ಇನ್ನೂ ಹೊಡಿ."