ಹದ ಹೇಳುವ ಪೆಟ್ಟಿಗೆ

ಕೆರಗೋಡಿನ ರಘುನಂದನನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಹುಡುಗನಾಗಿದ್ದಾಗ ಪಕ್ಕದ ಗದ್ದೆಯ ಕಬ್ಬು ತಮ್ಮದಕ್ಕಿಂತ ಒಂದು ಗೆಣ್ಣು ಎತ್ತರ ಬೆಳೆದರೆ ಊಟ ಬಿಡುತ್ತಿದ್ದ. ಮಂಡ್ಯದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ಬೆಂಚಿನ ಪಕ್ಕದವನಿಗೆ ಅಂಕ ಹೆಚ್ಚು ಬಂದರೆ ಅವನ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದ. ಇದೆಲ್ಲ ಹೊರಗಿನವರ ಮೇಲಿನ ಕಿಚ್ಚು, ಊರಲ್ಲಿ ಯಾರಿಗಿಲ್ಲ ಅದು? ಆದರೆ ನಲವತ್ತರ ಹತ್ತಿರ ಬಂದ ಮೇಲೆ ಅವನಿಗೆ ಕಟ್ಟಿಕೊಂಡ ಹೆಂಡತಿಯ ಮೇಲೇ ಹೊಟ್ಟೆಕಿಚ್ಚು ಹುಟ್ಟಿತು. ಅದನ್ನು ಹೇಳಿಕೊಂಡರೆ ನಗೆಪಾಟಲು, ನುಂಗಿಕೊಂಡರೆ ಹೊಟ್ಟೆಯುರಿ.

ಅವರದು ಮೂರು ತಲೆಮಾರಿನ ಆಲೆಮನೆ. ಅಲ್ಲೊಂದು ಕಟ್ಟಳೆ ಇತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗಿ, ಪಾಕ ಹದಕ್ಕೆ ಬಂದಾಗ "ಇಳ್ಸಿ" ಎನ್ನುವ ಮಾತನ್ನು ಒಬ್ಬರೇ ಆಡಬೇಕು. ಬೇರೆ ಯಾರು ಗಂಟಲು ಹರಿದುಕೊಂಡು ಕೂಗಿದರೂ ಕೊಪ್ಪರಿಗೆ ಇಳಿಸುವ ಸರಪಳಿ ಹಿಡಿದ ಆಳುಗಳು ಎಳೆಯುವುದಿಲ್ಲ. ಒಂದು ಚಣ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ಚಣ ತಡವಾದರೆ ಸೀದು ಹೋಗುತ್ತದೆ. ಹತ್ತು ಬಾಯಿ ಹತ್ತು ಮಾತಾಡಿದರೆ ಕೊಪ್ಪರಿಗೆ ಯಾರ ಮಾತು ಕೇಳಬೇಕು? ರಘುನಂದನನ ತಾತ ಮರಿಸಿದ್ದಯ್ಯನಿಂದ ಆ ಮಾತು ಅವರ ಮಗ ಹೊನ್ನಯ್ಯನಿಗೆ ಬಂದಿತ್ತು. ಹೊನ್ನಯ್ಯ ತಣ್ಣೀರಲ್ಲಿ ಬೆರಳದ್ದಿ, ಅದೇ ಬೆರಳನ್ನು ಪಾಕಕ್ಕೆ ತಾಗಿಸಿ, ಮತ್ತೆ ನೀರಲ್ಲಿ ಉಂಡೆ ಮಾಡಿ ನೋಡಿ ಹದ ಹೇಳುವವರು. ಅವರ ಒಬ್ಬನೇ ಮಗ ರಘುನಂದನ. ಮುಂದೆ ಆ ಮಾತು ತನ್ನದೇ ಎಂದು ಅವನು ಕೇಳದೆಯೇ ನಂಬಿಕೊಂಡಿದ್ದ. ಕೊಪ್ಪರಿಗೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಹಬೆ ಅವನಿಗಾಗದು, ಗಾಣದ ಮೋಟಾರು ಮತ್ತು ಕರೆಂಟಿನ ಕೆಲಸ ಅವನದು.

ಆ ವರ್ಷ ಎರಡು ಕೊಪ್ಪರಿಗೆ ಪಾಕ ಕೆಟ್ಟಿತು. ಒಂದು ಅಂಟಾಗಿ ಉಳಿಯಿತು, ಇನ್ನೊಂದು ಸೀದಿತು. ಹೊನ್ನಯ್ಯ ಮಗನಿಗೆ ಕಾರಣ ಹೇಳಲಿಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ದೀಪಿಕ ರಘುನಂದನನಿಗೆ ಮೆಲ್ಲಗೆ ತಿಳಿಸಿದಳು.

"ಮಾವಂಗೆ ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದದಂತೆ ಕಣ್ರೀ. ಬಿಸಿ ಯಾವ್ದು ತಣ್ಣಗಿರೋದ್ಯಾವ್ದು ಒಂದೂ ಗೊತ್ತಾಗಲ್ವಂತೆ. ಇನ್ನ ಹದ ಎಂಗೆ ತಿಳೀತದೆ?"

ಬೆಲ್ಲ ಮಾಡುವವನಿಗೆ ಸಕ್ಕರೆ ಕಾಯಿಲೆ! ಮರುಕ ಪಡಬೇಕಾದ ಸುದ್ದಿ. ರಘುನಂದನನಿಗೆ ಮೊದಲು ಬಂದದ್ದು ಮರುಕವಲ್ಲ. ಅಪ್ಪ ಇದನ್ನು ಮಗನಿಗೆ ಹೇಳದೆ ಸೊಸೆಗೆ ಹೇಳಿದರಲ್ಲ ಎನ್ನುವುದೇ ಅವನ ಎದೆಗೆ ನಾಟಿತು.

ದೀಪಿಕ ವೈದ್ಯನಾಥಪುರದವಳು. ಮದುವೆಗೆ ಮುಂಚೆ ಮದ್ದೂರಿನಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಡುತ್ತಿದ್ದಳು. ಮನೆಗೆ ಬಂದ ಹೊಸದರಲ್ಲಿ ಮಾವನಿಗೆ ಅವಳು "ನಮ್ಮ ರಘು ಹೆಂಡ್ತಿ" ಆಗಿದ್ದಳು. ಈಗ ಹೊನ್ನಯ್ಯನ ಬಾಯಲ್ಲಿ ಎದ್ದರೂ "ಅವ್ವಾ ದೀಪಿಕ", ಕೂತರೂ "ಅವ್ವಾ ದೀಪಿಕ". ಆ ಹೆಸರು ಕೇಳಿದಾಗಲೆಲ್ಲ ಗಂಡನ ಹೊಟ್ಟೆಯೊಳಗೆ ಜವರಯ್ಯ ಒಂದು ಹಿಡಿ ಕಬ್ಬಿನ ಸಿಪ್ಪೆ ಹಾಕಿದಂತಾಗುತ್ತಿತ್ತು. ಜವರಯ್ಯ ಎಂದರೆ ಅವರ ಆಲೆಮನೆಯ ಒಲೆಗೆ ಉರಿ ಹಾಕುವವನು.

ರಘುನಂದನ ಸುಮ್ಮನೆ ಕೂರುವ ಆಸಾಮಿಯಲ್ಲ. ಬೆಂಗಳೂರಿನಿಂದ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ತರಿಸಿದ. ಅದನ್ನು ನಡೆಸಲು ಲಿನಕ್ಸ್ ಎನ್ನುವ ತಂತ್ರಾಂಶ ಹಾಕಿದ. ಪಾಕದಲ್ಲಿ ಅದ್ದಿಡುವ ಶಾಖದ ಸೆನ್ಸರು ತಂದು ತಂತಿ ಜೋಡಿಸಿ, ಎಲ್ಲವನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ, ಮೇಲೊಂದು ಪುಟ್ಟ ಪರದೆ, ಒಂದು ಕೆಂಪು ಬಲ್ಬು ಇಟ್ಟ. ಶಾಖ ನೂರಹದಿನೆಂಟು ಡಿಗ್ರಿಗೆ ಬಂದಾಗ ಬಲ್ಬು ಹತ್ತಬೇಕು, ತಾನು "ಇಳ್ಸಿ" ಎನ್ನಬೇಕು, ಆಳುಗಳು ಸರಪಳಿ ಎಳೆಯಬೇಕು. ಅಪ್ಪ ಊರೆಲ್ಲ "ನನ್ನ ಮಗ ಮಾಡ್ದ" ಎಂದು ಹೇಳಿಕೊಂಡು ತಿರುಗಬೇಕು. ಇಷ್ಟೇ ಅವನ ಆಸೆ.

ಪೆಟ್ಟಿಗೆ ಶಾಖ ಹೇಳಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಬರುತ್ತಿತ್ತು: ಅಂಥ ಫೈಲಿಲ್ಲ.

ಆಲೆಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಯಾವ ಯಂತ್ರ ಕೆಟ್ಟರೂ ಕಾರಣ ಎರಡೇ. ಒಂದು ಇರುವೆ, ಇನ್ನೊಂದು ಅಂಟು. ಸ್ವಿಚ್ಚು ಕೆಟ್ಟರೆ ಒಳಗೆ ಇರುವೆ ಸತ್ತು ಕೂತಿರುತ್ತದೆ, ಮೋಟಾರು ನಿಂತರೆ ಹಬೆಯ ಸಿಹಿ ಅಂಟಿಕೊಂಡಿರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಮುಕ್ಕಾಲು ಪಾಲು ರಿಪೇರಿ ಮುಗಿದಂತೆ. ರಘುನಂದನನೂ ಪೆಟ್ಟಿಗೆ ಬಿಚ್ಚಿದ. ನಿಜಕ್ಕೂ ನಾಲ್ಕಾರು ಇರುವೆ ಇದ್ದವು. ಒರೆಸಿದ, ಕರ್ಪೂರ ಇಟ್ಟ, ಮತ್ತೆ ನೋಡಿದ. ಅಂಥ ಫೈಲಿಲ್ಲ. ಸೆನ್ಸರು ಬದಲಾಯಿಸಿದ, ತಂತಿ ಬದಲಾಯಿಸಿದ, ಮತ್ತೆ ಒರೆಸಿದ. ಅಂಥ ಫೈಲಿಲ್ಲ.

ಹೊನ್ನಯ್ಯ ಕೊಪ್ಪರಿಗೆಯ ಹತ್ತಿರದಿಂದ ಕೂಗಿದರು. "ಲೇ ರಘು, ಬಾರ್ಲಾ ಇಲ್ಲಿ. ಪಾಕ ಬತ್ತಾ ಅದೆ. ಒಸಿ ಬೆರಳದ್ದಿ ನೋಡು ಬಾ."

"ಇರಪ್ಪ, ಇರುವೆ ಒರೆಸ್ತಾ ಇವ್ನಿ!"

ಆ ವಾರವೆಲ್ಲ ದಿನಾ ಕರೆದರು. ಇವನದು ಅದೇ ಉತ್ತರ. ಆಮೇಲೆ ಕರೆಯುವುದನ್ನು ಬಿಟ್ಟರು.

ಒಂದು ಸಂಜೆ ದೀಪಿಕ ಅವನ ಬೆನ್ನ ಹಿಂದೆ ನಿಂತು ಪರದೆ ನೋಡಿದಳು. "ರೀ, ಸೆನ್ಸರ್ ಬುಡಿ. ಲಿನಕ್ಸಲ್ಲಿ ಪ್ರತಿಯೊಂದು ಸಾಧನಕ್ಕೂ ಡೆವ್ ಅನ್ನೋ ಫೋಲ್ಡರ್‌ನಲ್ಲಿ ಒಂದು ಫೈಲ್ ಇರ್ತದೆ. ಅದೇ ಬಾಗ್ಲು. ಮೊದ್ಲು ಬಾಗ್ಲು ಇದ್ಯಾ ನೋಡಿ. ಬಾಗ್ಲೇ ಇಲ್ದೆ ಇದ್ರೆ ಒಳಗಿರೋರು ಎಂಗ್ ಮಾತಾಡ್ತಾರೆ?"

"ಎಲೆಕ್ಟ್ರಾನಿಕ್ಸ್ ಓದಿರೋನು ನಾನೋ ನೀನೋ?" ಎಂದ ರಘುನಂದನ.

ಅವಳು ಕಾಫಿ ಲೋಟ ಎತ್ತಿಕೊಂಡು ಮಾವನ ಕಡೆ ಹೋದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಅವಳು ದಿನಾ ಸಂಜೆ ಮಾವನಿಗೆ ಸಕ್ಕರೆ ಹಾಕದ ಕಾಫಿ ಕೊಡಲು ಕೊಪ್ಪರಿಗೆಯ ಹತ್ತಿರ ಹೋಗುತ್ತಿದ್ದಳು, ಹೋದರೆ ಗಂಟೆ ಕಳೆದರೂ ಬರುತ್ತಿರಲಿಲ್ಲ. ಹಬೆಯ ಆಚೆಯಿಂದ ಇಬ್ಬರೂ ನಗುವುದು ಕೇಳಿಸುತ್ತಿತ್ತು, ಗಾಣದ ಸದ್ದಿನಲ್ಲಿ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ತನ್ನ ಪೆಟ್ಟಿಗೆಯ ವಿಷಯವೇ ಹೇಳಿಕೊಂಡು ನಗುತ್ತಿದ್ದಾಳೆ ಎಂದು ರಘುನಂದನ ಹಲ್ಲು ಕಚ್ಚಿಕೊಂಡು ಇನ್ನಷ್ಟು ಜೋರಾಗಿ ಬೋರ್ಡು ತಿಕ್ಕುತ್ತಿದ್ದ.

ಅವಳು ತಾಯಿಯನ್ನು ನೋಡಲು ವೈದ್ಯನಾಥಪುರಕ್ಕೆ ಹೋದ ದಿನ ಅವನು ಬಾಗಿಲು ಹಾಕಿಕೊಂಡು, ಕದಿಯುವವನ ಹಾಗೆ, ಅವಳು ಹೇಳಿದ್ದನ್ನೇ ಮಾಡಿದ. ಡೆವ್ ಫೋಲ್ಡರು ತೆರೆದು ಸಾಲು ಸಾಲಾಗಿ ನೋಡಿದ. ಎಲ್ಲ ಇತ್ತು, ಸೆನ್ಸರು ಮಾತಾಡಬೇಕಾದ ದಾರಿಯ ಫೈಲೊಂದೇ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದ. ಆ ದಾರಿಯನ್ನು ಬೋರ್ಡಿನಲ್ಲಿ ಮೊದಲಿಂದಲೇ ಮುಚ್ಚಿಟ್ಟಿರುತ್ತಾರಂತೆ, ಬೇಕಾದವರು ತೆರೆದುಕೊಳ್ಳಬೇಕಂತೆ. ಸೆಟ್ಟಿಂಗಿನ ಫೈಲಿನಲ್ಲಿ ಒಂದು ಸಾಲಿನ ಮುಂದೆ ಹ್ಯಾಶ್ ಗುರುತು ಕೂತಿತ್ತು. ಆ ಗುರುತಿರುವ ಸಾಲನ್ನು ಕಂಪ್ಯೂಟರು ಓದುವುದಿಲ್ಲ. ಅದನ್ನು ಅಳಿಸಿ, ಹೇಳಿದ್ದ ಇನ್ನೊಂದೆರಡು ಕೆಲಸ ಮಾಡಿ, ಬೋರ್ಡನ್ನು ಆರಿಸಿ ಮತ್ತೆ ಚಾಲೂ ಮಾಡಿದ. ಫೈಲು ಬಂತು. ಸೆನ್ಸರನ್ನು ಅಂಗೈಯಲ್ಲಿ ಹಿಡಿದರೆ ಪರದೆಯ ಮೇಲೆ ಅಂಕಿ ಏರತೊಡಗಿತು.

ಅವನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಅವಳು ಹೇಳಿದ್ದೇ ಸರಿಯಾಯಿತಲ್ಲ ಎನ್ನುವುದು ಬಾಯಿಗೆ ಬೇವು ಹಿಂಡಿದಂತಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ? ಸೀಮೆಎಣ್ಣೆ ಬಟ್ಟೆ ತಂದು, ಒರೆಸುವ ಅಗತ್ಯವೇ ಇಲ್ಲದ ಪೆಟ್ಟಿಗೆಯನ್ನು ಇನ್ನೊಂದು ಸಲ ಚೆನ್ನಾಗಿ ಒರೆಸಿ, ವಾಸನೆ ಬರುವ ಹಾಗೆ ಇಟ್ಟ. ಯಾರಾದರೂ ಕೇಳಿದರೆ ಇರುವೆ ಇತ್ತು ಎಂದರಾಯಿತು.

ಅವಳು ಬಂದ ಮಾರನೆಯ ಬೆಳಗ್ಗೆ ಪೆಟ್ಟಿಗೆಯನ್ನು ಕೊಪ್ಪರಿಗೆಯ ಪಕ್ಕದ ಕಂಬಕ್ಕೆ ಕಟ್ಟಿದ. ಸೆನ್ಸರು ಪಾಕಕ್ಕಿಳಿಯಿತು. ಜವರಯ್ಯ ಉರಿ ಜೋರು ಮಾಡಿದ. ನೊರೆ ಉಕ್ಕಿ ಇಳಿದು, ಬಣ್ಣ ತಿರುಗಿ, ಗುಳ್ಳೆ ದಪ್ಪವಾದವು. ಪರದೆಯ ಮೇಲೆ ನೂರಹದಿನಾರು, ನೂರಹದಿನೇಳು. ರಘುನಂದನ ಬಲ್ಬಿನ ಮೇಲೆ ಕಣ್ಣಿಟ್ಟು ಉಸಿರೆಳೆದುಕೊಂಡ. ಬಲ್ಬು ಹತ್ತಿತು.

"ಇಳ್ಸಿ!"

ಆ ಮಾತು ಅವನ ಬಾಯಿಂದ ಬಂದದ್ದಲ್ಲ. ಅವನ ಬಾಯಿ ಇನ್ನೂ ತೆರೆಯುತ್ತಿತ್ತು. ಕೊಪ್ಪರಿಗೆಯ ಆಚೆ ಬದಿಯಲ್ಲಿ ದೀಪಿಕ ತಣ್ಣೀರಿನ ಬಟ್ಟಲು ಹಿಡಿದು, ಬೆರಳ ತುದಿಯ ಉಂಡೆಯನ್ನು ಉರುಳಿಸುತ್ತ ನಿಂತಿದ್ದಳು. ಆಳುಗಳು ಯಾರ ಮುಖವನ್ನೂ ನೋಡಲಿಲ್ಲ. ಸರಪಳಿ ಎಳೆದರು. ಹಿಂದಿನಿಂದ ರಘುನಂದನನೂ "ಇಳ್ಸಿ" ಎಂದ. ಆಗಲೇ ಇಳಿಯುತ್ತಿರುವ ಕೊಪ್ಪರಿಗೆಗೆ ಅವನ ಮಾತು ಯಾಕೆ ಬೇಕು? ಪಾಕ ಚಿನ್ನದ ಬಣ್ಣದಲ್ಲಿ ತೊಟ್ಟಿಗೆ ಹರಿಯಿತು.

ಪೆಟ್ಟಿಗೆ ಸರಿಯಾಗಿಯೇ ಹೇಳಿತ್ತು. ಅದನ್ನು ನೋಡಿದವನು ಅವನೊಬ್ಬನೇ.

"ಎಷ್ಟು ದಿನದಿಂದ?" ಎಂದು ಅಪ್ಪನನ್ನು ಕೇಳಿದ. "ಎಷ್ಟು ದಿನದಿಂದ ಇವ್ಳು ಹದ ಏಳ್ತಾ ಅವ್ಳೆ? ನಾನು ನಿನ್ನ ಮಗ ಅಲ್ವಾ? ನಂಗ್ಯಾಕ್ ಕಲಿಸ್ಲಿಲ್ಲ?"

ಹೊನ್ನಯ್ಯ ಜೋಮು ಹಿಡಿದ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಸಿಟ್ಟು ಮಾಡಲಿಲ್ಲ.

"ಕರೆದೆ ಕಣ್ಲಾ. ದಿನಾ ಕರೆದೆ. ನೀನು ಇರುವೆ ಒರೆಸ್ತಾ ಇವ್ನಿ ಅಂದೆ. ಪಾಕ ಕಾಯ್ತದಾ? ಪಕ್ಕದಲ್ಲಿ ಇವ್ಳು ಕಾಫಿ ಇಟ್ಕೊಂಡು ನಿಂತಿದ್ಲು. ಬೆರಳದ್ದವ್ವ ಅಂದೆ. ಅದ್ದುದ್ಲು."

ಜವರಯ್ಯ ಒಲೆಯ ಕಡೆ ಮುಖ ತಿರುಗಿಸಿಕೊಂಡ. ದೀಪಿಕ ಕಂಬದ ಹತ್ತಿರ ಬಂದು ಪೆಟ್ಟಿಗೆಯ ಪರದೆ ನೋಡಿದಳು.

"ಬಾಗ್ಲು ಸಿಕ್ತಾ ರೀ?"

ಇರುವೆ ಇತ್ತು ಎಂದು ಹೇಳಲು ಅವನು ಬಾಯಿ ತೆರೆದ. ಸೀಮೆಎಣ್ಣೆಯ ವಾಸನೆ ಅವನ ಮೂಗಿಗೇ ಹೊಡೆಯಿತು. "ಸಿಕ್ತು," ಎಂದ. "ಮುಚ್ಚಿತ್ತು."

ಎರಡನೆಯ ಕೊಪ್ಪರಿಗೆ ಒಲೆಗೇರಿತು. ಹೊನ್ನಯ್ಯ ಯಾರನ್ನೂ ಕರೆಯಲಿಲ್ಲ. ರಘುನಂದನ ತಾನೇ ಹೋಗಿ ಹಬೆಯಲ್ಲಿ ನಿಂತ. ಕಣ್ಣು ಉರಿಯಿತು, ಕೆಮ್ಮು ಬಂತು, ಹಿಂದೆ ಸರಿಯಲಿಲ್ಲ. ದೀಪಿಕ ಬಟ್ಟಲು ಹಿಡಿದಳು. ಅವನು ಬೆರಳನ್ನು ನೀರಿಗೆ ಅದ್ದಿ ಪಾಕಕ್ಕಿಟ್ಟ. ಬೇಗ ತೆಗೆಯಬೇಕೆಂದು ಗೊತ್ತಿರಲಿಲ್ಲ. ಅಯ್ಯೋ ಎಂದು ಕೂಗಿಕೊಂಡ.

"ಏನ್ಲಾ ತಿಳೀತು?" ಎಂದರು ಹೊನ್ನಯ್ಯ.

"ಸುಡ್ತದೆ."

"ಮೊದ್ಲು ಅಷ್ಟೇ ಕಣ್ಲಾ ತಿಳಿಯಾದು."

ದೀಪಿಕ ಅವನ ಕೈ ಹಿಡಿದು ಬೆರಳನ್ನು ತಣ್ಣೀರಿನಲ್ಲಿ ಅದುಮಿಟ್ಟಳು. ಬಟ್ಟಲಿನ ನೀರಿನೊಳಗೆ ಇಬ್ಬರ ಬೆರಳೂ ಪಕ್ಕಪಕ್ಕ ಕಂಡವು. ಅವಳ ಮೂರು ಬೆರಳ ತುದಿಯಲ್ಲೂ ಬೊಬ್ಬೆ ಎದ್ದು ಒಣಗಿ ಬಿಳಿಚಿದ ಕಲೆಗಳಿದ್ದವು. ದಿನಾ ಅದೇ ಕೈಯಿಂದ ಅವಳು ಬಡಿಸಿದ್ದಳು, ಅವನು ಉಂಡಿದ್ದ. ಒಂದು ದಿನವೂ ನೋಡಿರಲಿಲ್ಲ. ಇದೆಲ್ಲ ಯಾವಾಗ ಆಯಿತೆಂದು ಕೇಳಲು ನಾಚಿಕೆಯಾಯಿತು.

ಆ ಕಲೆಗಳನ್ನು ಕಂಡೂ ಅವನಿಗೆ ಹೊಟ್ಟೆಕಿಚ್ಚೇ ಆಯಿತು. ಅವು ತನ್ನ ಬೆರಳಲ್ಲಿ ಇರಬೇಕಿತ್ತು.