ಖಾಲಿ ಗೋಡೆಯ ಮುಂದೆ ಪರೀಕ್ಷೆ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮಕ್ಕಳು 'ಗೋಡೆ ಟೀಚರ್' ಎಂದೇ ಕರೆಯುವ ಟೀಚರ್ ತರಗತಿಯ ಬೀಗ ತೆಗೆದು ಬಾಗಿಲಲ್ಲೇ ನಿಂತುಬಿಟ್ಟರು. ಹೊಸ ಬಣ್ಣದ ಗೋಡೆಯ ಮೇಲೆ ಅವರ ಚಿತ್ರಗಳೆಲ್ಲ ಇದ್ದವು, ಆದರೆ ಒಂದೂ ತನ್ನ ಜಾಗದಲ್ಲಿರಲಿಲ್ಲ.

"ಸೈಜ್ ಪ್ರಕಾರ ಸಾಲಾಗಿ ಹಾಕಿದೀನಿ ಅಕ್ಕ. ಮೊದಲು ಚೆಲ್ಲಾಪಿಲ್ಲಿ ಇತ್ತು," ಎಂದ, ನಿನ್ನೆ ರಾತ್ರಿ ಬಣ್ಣ ಬಳಿದು ಈಗ ಹಿಂದೆಯೇ ಬಂದಿದ್ದ ಪೇಂಟರ್, ಹೆಮ್ಮೆಯಿಂದ.

ಟೀಚರ್ ಸಾಲಿನುದ್ದಕ್ಕೂ ಕಣ್ಣಾಡಿಸಿದರು. ಅವರ ಇಪ್ಪತ್ತಾರು ಮಕ್ಕಳಿಗೆ ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಏಣಿ, ಬಕೆಟ್ಟು, ಮೋಡ ಬಿಡಿಸಿ, ಕೆಳಗೆ ಎರಡೂ ಭಾಷೆಯ ಹೆಸರು ಬರೆದು ತೂಗುಹಾಕಿದ್ದರು. ಪದ ಮರೆತ ಮಗು ಆ ಚಿತ್ರದ ಕಡೆ ತಿರುಗುತ್ತಿತ್ತು. ಚಿತ್ರ ಬಿದ್ದುಹೋದ ದಿನವೂ ಖಾಲಿ ಜಾಗವನ್ನೇ ನೋಡಿ ಸರಿಯಾಗಿ ಹೇಳುತ್ತಿತ್ತು. ಏಣಿ ಎಂದರೆ ಕಿಟಕಿಯ ಪಕ್ಕ. ಈಗ ಅಲ್ಲಿ ಬಕೆಟ್ಟಿತ್ತು.

ಹತ್ತು ಗಂಟೆಗೆ ಮಕ್ಕಳಿಗೆ ಎರಡೂ ಭಾಷೆಯ ಪದಗಳ ಪರೀಕ್ಷೆ ಮಾಡಲು ಶಾಲಾ ಇನ್‌ಸ್ಪೆಕ್ಟರ್ ಬರುವವರಿದ್ದರು. ಅರ್ಧದಷ್ಟು ಮಕ್ಕಳಾದರೂ ಪಾಸಾಗದಿದ್ದರೆ ಈ ತರಗತಿ ಮುಚ್ಚಿ, ಮನೆಯ ಮಾತು ಒಂದಕ್ಷರವೂ ಕೇಳಿಸದ ದೊಡ್ಡ ತರಗತಿಗಳಿಗೆ ಅವರನ್ನು ಹಂಚುತ್ತಾರೆ. ಚಿಕ್ಕವರಿದ್ದಾಗ ಟೀಚರ್ ಅಂಥದೇ ತರಗತಿಯಲ್ಲಿ, ಹೊರಗೆ ಹೋಗಬೇಕೆಂದು ಕೇಳಲು ಪದ ಸಿಗದೆ, ಬೆಂಚು ಒದ್ದೆ ಮಾಡಿಕೊಂಡು ಕೂತಿದ್ದರು. ಆ ಭಯ ಮೈಬಿಟ್ಟು ಹೋಗಿರಲಿಲ್ಲ.

"ಮೊದಲಿನ ಹಾಗೇ ಹಾಕೋಕಾಗುತ್ತಾ?"

"ಪೇಂಟ್ ಹಸಿ ಇದೆ ಅಕ್ಕ, ಅಂಟಿಸಿದ್ರೆ ಕಿತ್ಕೊಂಡು ಬರುತ್ತೆ. ಹಳೇ ಮೊಳೆ ಒಂದೂ ಬಿಟ್ಟಿಲ್ಲ, ಇವೆಲ್ಲ ಮೇಲೆ ಕಟ್ಟಿರೋ ದಾರಕ್ಕೆ ಸಿಕ್ಕಿಸಿರೋದು."

"ಹಾಗಾದ್ರೆ ಎಲ್ಲಾ ಇಳಿಸಪ್ಪ."

"ಇಷ್ಟು ಚೆನ್ನಾಗಿ ಹಾಕಿದ್ದು?"

"ಅದಕ್ಕೇ ಇಳಿಸು."

ತಪ್ಪು ಚಿತ್ರಕ್ಕಿಂತ ಖಾಲಿ ಗೋಡೆ ವಾಸಿ ಎಂದು ಅವರ ಲೆಕ್ಕ. ಲೆಕ್ಕ ಸರಿಯೇ ಎಂದು ಗೊತ್ತಿರಲಿಲ್ಲ.

ಹತ್ತಕ್ಕೆ ಸರಿಯಾಗಿ ಬಂದ ಇನ್‌ಸ್ಪೆಕ್ಟರ್ ತಾವು ತಂದಿದ್ದ ಏಣಿಯ ಚಿತ್ರದ ಕಾರ್ಡು ಎತ್ತಿ ಹಿಡಿದರು. ಮುಂದಿನ ಬೆಂಚಿನ ಹುಡುಗಿ ಕಾರ್ಡನ್ನೇ ದಿಟ್ಟಿಸಿದಳು. ಆಮೇಲೆ ಹುಡುಗಿಯ ಕತ್ತು ಮೆಲ್ಲಗೆ ಕಿಟಕಿಯ ಪಕ್ಕಕ್ಕೆ ಹೊರಳಿತು. ಎರಡೂ ಪದ ಹೇಳಿದಳು.

"ಅಲ್ಲೇನು ನೋಡ್ತಿದೀಯಮ್ಮ?"

"ಏಣಿ ಸರ್."

ಇನ್‌ಸ್ಪೆಕ್ಟರ್ ಎದ್ದು ಹೋಗಿ ಗೋಡೆ ಸವರಿ ನೋಡಿದರು. ಅಂಗೈಗೆ ಬಣ್ಣ ಹತ್ತಿತೇ ಹೊರತು ಮತ್ತೇನೂ ಸಿಗಲಿಲ್ಲ.

ಹದಿನೇಳು ಮಕ್ಕಳು ಪಾಸಾದರು. ತರಗತಿ ಉಳಿಯಿತು. ಹೆಡ್‌ಮಾಸ್ಟರ್ ಕೈ ಕುಲುಕಿದರೂ ಟೀಚರ್ ಕಣ್ಣು ಹಿಂದಿನ ಬೆಂಚಿನ ಮೇಲೇ ಇತ್ತು. ಈಚೆಗೆ ಸೇರಿದ ಒಂಬತ್ತು ಮಕ್ಕಳು ಅಲ್ಲಿದ್ದರು. ಯಾವ ಚಿತ್ರ ಎಲ್ಲಿತ್ತೆಂಬುದು ಅವರ ಮನಸ್ಸಿಗಿನ್ನೂ ಇಳಿದಿರಲಿಲ್ಲ. ತುಟಿ ಬಿಗಿದುಕೊಂಡು, ಯಾವ ಕಡೆ ನೋಡಬೇಕೆಂದೇ ತಿಳಿಯದೆ ಕೂತಿದ್ದರು. ಹಾಗೆ ಕೂರುವುದು ಏನೆಂದು ಟೀಚರಿಗೆ ಗೊತ್ತಿತ್ತು.

ತಿಂಗಳ ಹಿಂದೆ ಇದೇ ಹೆಡ್‌ಮಾಸ್ಟರ್, "ನಿಮ್ಮ ಗೋಡೆ ನಂಬ್ಕೊಂಡು ಎಷ್ಟು ಜನ ಪಾಸಾಗ್ತಾರಮ್ಮ?" ಎಂದು ಕಿಚಾಯಿಸಿದಾಗ, ಟೀಚರ್ ಎಲ್ಲರೆದುರು ಗಟ್ಟಿಯಾಗಿಯೇ ಹೇಳಿದ್ದರು: "ಇಪ್ಪತ್ತಾರಕ್ಕೆ ಇಪ್ಪತ್ತಾರು."