ಹಳ್ಳದ ತನಕ ನರಸಪ್ಪ

ಊರಿಗೆ ಕರೆಂಟು ಬಂದ ವರ್ಷ. ದಿನಾ ಹಳ್ಳದ ತನಕ ನಡೆಯದಿದ್ದರೆ ಸಕ್ಕರೆ ಕಾಯಿಲೆ ಕಾಲಿಗೆ ಇಳಿಯುತ್ತದೆ ಎಂದರು ಡಾಕ್ಟರು. ಹೊಲಿಗೆ ಯಂತ್ರ ತುಳಿದೇ ಬದುಕುವ ಚಿಮ್ಮನಚೋಡದ ದರ್ಜಿ ನರಸಪ್ಪ ಮರುದಿನವೇ ಹೊರಟ. ಆದರೆ ಬರಿಗೈಯಲ್ಲಿ ನಡೆಯಲು ಊರವರು ಬಿಡಬೇಕಲ್ಲ! ಕಟ್ಟೆಗೊಬ್ಬರು ತಡೆದರು.

"ಎಲ್ಲಿಗಿ ಹೊಂಟ್ಯೋ ನರಸಪ್ಪ? ಬಾ, ಚಾ ಕುಡಿ!"

"ಸುಮ್ಮ ನಡೀಲಿಕತ್ತೀನಪ್ಪ."

"ಸುಮ್ಮ? ಮನ್ಯಾಗ ಜಗಳಾಗ್ಯಾದೇನು?"

ವಾರವಾದರೂ ಹಳ್ಳ ಕಾಣಲಿಲ್ಲ. ಸಿಹಿ ಚಹಾ ಮಾತ್ರ ಹೊಟ್ಟೆ ಸೇರಿತು. ಹೆಂಡತಿ ಅಮೃತಮ್ಮ ನೀರು ತುಂಬಿದ ಚರಿಗೆ ಕೈಗಿಟ್ಟಳು.

"ಇದು ಹಿಡ್ಕೊಂಡು ಹೋಗ್ರಿ. ಯಾರು ತಡೀತಾರ ನೋಡಮು!"

ಚೊಂಬು ಹಿಡಿದು ಬಯಲಿಗೆ ಹೊರಟವನನ್ನು ಯಾರು ತಡೆಯುತ್ತಾರೆ? ಕಟ್ಟೆಯವರೆಲ್ಲ ಮುಖ ತಿರುಗಿಸಿ ದಾರಿ ಬಿಟ್ಟರು. ಅದೋ ಹಳ್ಳ! ಖುಷಿ ತಡೆಯದೆ ನರಸಪ್ಪ ಸಂಜೆ ಮತ್ತೆ ಹೊರಟ.

"ಪಾಪ, ನರಸಪ್ಪಗ ಹೊಟ್ಟಿ ಭಾಳ ಕೆಟ್ಟಾದ!" ಎಂದರು ಯಾರೋ.

ಅನ್ನಲಿ ಬಿಡು ಎಂದುಕೊಂಡು ಅವನು ಇನ್ನಷ್ಟು ಬೀಸುಗಾಲು ಹಾಕಿದ.